ಚಿಕ್ಕಮ್ಮನ ಕೊನೆಯ ಕಛೇರಿ

ಜನವರಿ ೧೨, ಭಾನುವಾರ

ಬೆಳಗ್ಗೆಯಿಂದ ಫೋನು ಹಿಡಿದು ಹಿಡಿದು ಕಿವಿ ಕಾದ ಕಾವಲಿಯಾಗಿದೆ. ಎಲ್ಲರದೂ ಒಂದೇ ಪಲ್ಲವಿ. ಈ ಸಲ ಆಗಲ್ಲ, ಮುಂದಿನ ಸಲ ಖಂಡಿತ ಬರ್ತೀವಿ. ಪರದೇಶಕ್ಕೆ ಬಂದು ನೆಲೆಸಿದ ನಮ್ಮ ಕಲಾವಿದರಿಗೆ ಪ್ರಚಾರ ಮಾಡುವ ಕೆಲಸ ಹಿಡಿದು ಇಷ್ಟು ವರ್ಷವಾಯಿತು, ಈ 'ಮುಂದಿನ ಸಲ' ಎಂಬುದು ಬಂದದ್ದನ್ನು ನಾನಂತೂ ಕಂಡಿಲ್ಲ. ನಾಟಕದವರು, ನೃತ್ಯದವರು, ಚಿತ್ರ ಬರೆಯುವವರು, ಎಲ್ಲರಿಗೂ ಪೋಸ್ಟರ್ ಬರೆದುಕೊಡುತ್ತೇನೆ, ಅಂಗಡಿಗಳ ಗಾಜಿಗೆ ಅಂಟಿಸುತ್ತೇನೆ, ರೇಡಿಯೊದವರ ಕಾಲು ಹಿಡಿಯುತ್ತೇನೆ, ಹೇಗೋ ಜನ ಸೇರಿಸುತ್ತೇನೆ. ನನ್ನ ಸ್ವಂತ ಚಿಕ್ಕಮ್ಮನ ಸಂಗೀತ ಕಛೇರಿಗೆ ಸೇರಿಸಲಾಗುತ್ತಿಲ್ಲ.

ಮಧ್ಯಾಹ್ನ ಇಲ್ಲಿನ ನಮ್ಮ ಸಂಘದ ಅಧ್ಯಕ್ಷರು ಸಿಕ್ಕಿದ್ದರು. ಸುತ್ತಿ ಬಳಸಿ ಮಾತಾಡುವುದು ಅವರ ಅಭ್ಯಾಸ. ಹವಾಮಾನ ಆಯಿತು, ಮೊಮ್ಮಗನ ಹಲ್ಲು ಆಯಿತು, ಆಮೇಲೆ ವಿಷಯಕ್ಕೆ ಬಂದರು. ಹೋದ ವರ್ಷ ಚಿಕ್ಕಮ್ಮ ಹಾಡಿದಾಗ ಮುಕ್ಕಾಲು ಸಭಾಂಗಣ ಖಾಲಿ ಇತ್ತು, ಈ ಸಲವೂ ಹಾಗೇ ಆದರೆ ಮುಂದಿನ ವರ್ಷದಿಂದ ಫೆಬ್ರವರಿಯ ಆ ಶನಿವಾರವನ್ನು ಬೇರೆಯವರಿಗೆ ಕೊಡುವ ಯೋಚನೆ ಇದೆಯಂತೆ. ನಗೆಮಾತಿನವರು ಒಬ್ಬರು ಕೇಳುತ್ತಿದ್ದಾರಂತೆ.

ಚಿಕ್ಕಮ್ಮನಿಗೆ ವರ್ಷಕ್ಕೆ ಇರುವುದು ಅದೊಂದೇ ಕಛೇರಿ. ಉಳಿದ ವರ್ಷವೆಲ್ಲ ಅವಳು ಅದಕ್ಕೇ ಬದುಕುತ್ತಾಳೆ. ಚಿಕ್ಕಪ್ಪ ಹೋದ ಮೇಲಂತೂ ಫೆಬ್ರವರಿ ಮುಗಿದ ಮರುದಿನವೇ ಮುಂದಿನ ಫೆಬ್ರವರಿಗೆ ಏನು ಹಾಡಲಿ ಎಂದು ಶುರು ಮಾಡುತ್ತಾಳೆ. ಇದನ್ನೆಲ್ಲ ಅಧ್ಯಕ್ಷರಿಗೆ ಹೇಳಲು ಹೋಗಲಿಲ್ಲ. ತುಂಬಿಸಿ ತೋರಿಸ್ತೀನಿ ಅಂದುಬಿಟ್ಟೆ.

ಜನವರಿ ೧೭, ಶುಕ್ರವಾರ

ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಲಿಫ್ಟಿಲ್ಲ. ಅರವತ್ತೆಂಟು ದಾಟಿದವಳು ದಿನಾ ಹತ್ತಿಳಿಯುತ್ತಾಳೆ, ನಾನು ಏದುಸಿರು ಬಿಡುತ್ತೇನೆ. ಪಾಠಕ್ಕೆ ಬಂದ ಮಕ್ಕಳು ಹೊರಡುತ್ತಿದ್ದರು. ಅವಳು ಅವರ ಬೂಟು, ಟೋಪಿ, ಕೈಗವಸು ಹುಡುಕಿ ಹುಡುಕಿ ಕೊಡುತ್ತಿದ್ದಳು.

ಪೋಸ್ಟರಿಗೆ ಏನು ಬರೆಯಲಿ ಎಂದು ಕೇಳಿದೆ. ಏನಾದರೂ ಬರಿ, ನಾನಂತೂ ಓದಲ್ಲ ಎಂದಳು. ಒಂದು ಸಲ ನಾನು ಅವಳನ್ನು 'ಸ್ವರಸಾಮ್ರಾಜ್ಞಿ' ಎಂದು ಬರೆದದ್ದಕ್ಕೆ ವಾರವಿಡೀ ನಕ್ಕಿದ್ದಳು. ಪಾತ್ರೆ ತೊಳೆಯುವಾಗಲೆಲ್ಲ ಸಾಮ್ರಾಜ್ಞಿ ಬಂದರು, ದಾರಿ ಬಿಡಿ ಎನ್ನುತ್ತಿದ್ದಳು. ಅವತ್ತಿನಿಂದ ನಾನು ಬರೆದ ಒಂದಕ್ಷರವನ್ನೂ ಓದುವುದಿಲ್ಲ. ರೇಡಿಯೊ ಮನೆಯಲ್ಲೇ ಇಲ್ಲ. ಫೋನು ಎತ್ತುವುದಕ್ಕೆ, ಇಡುವುದಕ್ಕೆ ಮಾತ್ರ.

ಈ ಸಲ ಏನು ಹಾಡುತ್ತಾಳೆ ಎಂದು ಅವಳು ಹೇಳುತ್ತಿದ್ದಳು. ನಾನು ಎಷ್ಟು ಸೀಟು ಉಳಿದಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಜನವರಿ ೧೯, ಭಾನುವಾರ

ಒಂದು ಉಪಾಯ ಹೊಳೆದಿದೆ. ಪೋಸ್ಟರಿನಲ್ಲಿ ಚಿಕ್ಕಮ್ಮನ ಹೆಸರಿನ ಮೇಲೆ 'ವಿದಾಯ ಕಛೇರಿ' ಎಂದು ಎರಡು ಪದ ಸೇರಿಸಿದೆ. ಅಷ್ಟೆ. 'ಮುಂದಿನ ಸಲ' ಅನ್ನುವವರ ಬಾಯಿ ಕಟ್ಟಬೇಕಾದರೆ ಮುಂದಿನ ಸಲವೇ ಇಲ್ಲ ಎನ್ನಬೇಕು.

ಯಾರಿಗೆ ಏನು ನಷ್ಟ? ಸಭಾಂಗಣ ತುಂಬುತ್ತದೆ, ಅಧ್ಯಕ್ಷರು ಸುಮ್ಮನಾಗುತ್ತಾರೆ, ಬರುವ ವರ್ಷ 'ಅಭಿಮಾನಿಗಳ ಒತ್ತಾಯದ ಮೇರೆಗೆ ಮತ್ತೆ' ಎಂದು ಬರೆದರಾಯಿತು. ಈ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ. ನಮ್ಮ ಮನೆಯವರಿಗೆ ತೋರಿಸಿದೆ. "ಚಿಕ್ಕಮ್ಮನ್ನ ಕೇಳಿದೀಯಾ?" ಎಂದರು. ಅವಳು ಓದುವುದೇ ಇಲ್ಲವಲ್ಲ ಎಂದೆ. ಇವರು ಕನ್ನಡಕ ತೆಗೆದು ಒರೆಸತೊಡಗಿದರು. ಗಂಡಸರಿಗೆ ವ್ಯಾಪಾರ ಗೊತ್ತಾಗುವುದಿಲ್ಲ.

ಜನವರಿ ೨೨, ಬುಧವಾರ

ಈಗ ನಾನು ಫೋನು ಮಾಡಬೇಕಾಗಿಲ್ಲ, ಅವರೇ ಮಾಡುತ್ತಿದ್ದಾರೆ! ದಂತವೈದ್ಯರ ಮನೆಯವರು ಒಂದು ಸಾಲು ಪೂರ್ತಿ ಬೇಕೆಂದರು. ಎಂಟು ವರ್ಷದಿಂದ ಮುಖ ತೋರಿಸದ ಲೆಕ್ಕಿಗರು, ಅವರ ಬೀಗರು, ಬೀಗರ ಬೀಗರು. ನಗರದ ಆಚೆ ತುದಿಯಿಂದಲೂ ಜನ ಕೇಳುತ್ತಿದ್ದಾರೆ. ಚಿಕ್ಕಮ್ಮನ ಹತ್ತಿರ ಚಿಕ್ಕಂದಿನಲ್ಲಿ ಕಲಿತ ಹುಡುಗಿಯೊಬ್ಬಳು, ಈಗ ದೂರದ ಊರಿನಲ್ಲಿದ್ದಾಳೆ, ಕೈಗೂಸನ್ನು ಕಟ್ಟಿಕೊಂಡು ರೈಲಿನಲ್ಲಿ ಬರುತ್ತಾಳಂತೆ. ನೆಲದ ಮೇಲಾದರೂ ಸರಿ, ಜಾಗ ಇಡಿ ಎಂದಳು.

ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದೇನೆ. ವಿದಾಯದ ಸುದ್ದಿಯನ್ನು ಚಿಕ್ಕಮ್ಮನೆದುರು ಎತ್ತಬೇಡಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ಕಛೇರಿ ಕೆಡುತ್ತದೆ. ಎಲ್ಲರೂ ಅಯ್ಯೋ ಪಾಪ ಎಂದು ಒಪ್ಪಿಕೊಂಡರು. ಎಷ್ಟು ಸಲೀಸಾಗಿ ಬಾಯಿಗೆ ಬಂತು ಈ ಮಾತು ಎಂದು ನನಗೇ ಆಶ್ಚರ್ಯ.

ಜನವರಿ ೩೦, ಗುರುವಾರ

ರೇಡಿಯೊದಲ್ಲಿ ಅವಳ ಬದಲು ನಾನೇ ಮಾತಾಡಿದೆ. ಯಾಕೆ ನಿಲ್ಲಿಸುತ್ತಿದ್ದಾರೆ ಎಂದು ಕೇಳಿದರು. ಕಂಠ ಚೆನ್ನಾಗಿರುವಾಗಲೇ ನಿಲ್ಲಿಸಬೇಕು ಎಂಬುದು ಅವರ ಆಸೆ ಎಂದೆ. ಸ್ಟುಡಿಯೊದ ಹುಡುಗಿ ಕಣ್ಣೊರೆಸಿಕೊಂಡಳು. ನನಗೂ ಒಂದು ಕ್ಷಣ ಅದು ನಿಜ ಅನಿಸಿತು.

ಎಲ್ಲ ಟಿಕೆಟ್ ಹೋಗಿದೆ. ಸಂತೋಷ ಆಗಬೇಕಿತ್ತು.

ಫೆಬ್ರವರಿ ೪, ಮಂಗಳವಾರ

ಇವತ್ತಿನದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಪಾಠದ ಹೊತ್ತಿಗೆ ಹೋದೆ, ಮಕ್ಕಳು ಯಾರೂ ಇರಲಿಲ್ಲ. ಹೋದ ವಾರದಿಂದಲೇ ಒಬ್ಬೊಬ್ಬರಾಗಿ ನಿಂತುಬಿಟ್ಟಿದ್ದಾರಂತೆ. ನೀವು ವಿಶ್ರಾಂತಿ ತಗೊಳ್ಳಿ ಎಂದು ತಾಯಂದಿರು ಹೂಗುಚ್ಛ ಕೊಟ್ಟು ಹೋಗಿದ್ದಾರೆ. ಹೂವಿಗೆ ಪಾತ್ರೆ ಸಾಲದೆ ಒಂದನ್ನು ಬಕೆಟಿನಲ್ಲಿ ಇಟ್ಟಿದ್ದಳು.

ಕಾಫಿ ಕೊಟ್ಟು ಎದುರಿಗೆ ಕೂತಳು. ದಿನಸಿ ಅಂಗಡಿಯವನು ಅವಳ ಕೈ ಹಿಡಿದು ನಿಮ್ಮಂಥವರು ಮತ್ತೆ ಹುಟ್ಟಿ ಬರಲ್ಲ ಎಂದನಂತೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಗೆಳತಿ ಮನೆಗೇ ಬಂದು ತಬ್ಬಿಕೊಂಡು, ಯಾಕೆ ಏನು ಎಂದು ಕೇಳಿದರೆ ಬಾಯಿ ಬಿಡದೆ ಹೋದಳಂತೆ. ಇದನ್ನೆಲ್ಲ ನಗುನಗುತ್ತಲೇ ಹೇಳಿದಳು. ಆಮೇಲೆ ಲೋಟ ಕೆಳಗಿಟ್ಟಳು.

"ಪುಟ್ಟೀ, ನಿಜ ಹೇಳು. ನಂಗೇನಾದ್ರೂ ಕಾಯಿಲೆ ಇದ್ಯಾ? ಡಾಕ್ಟ್ರು ನಿನ್ನ ಹತ್ರ ಏನಾದ್ರೂ ಹೇಳಿದಾರಾ?"

ಆ ಗಳಿಗೆಯಲ್ಲೇ ಹೇಳಬಹುದಿತ್ತು. ಇಲ್ಲ ಚಿಕ್ಕಮ್ಮ, ನಾನು ಹೀಗೆ ಬರೆದೆ, ತಪ್ಪಾಯಿತು ಎಂದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಬೈಯುವುದರಲ್ಲಿ ಅವಳು ಧಾರಾಳಿ, ಮರೆಯುವುದರಲ್ಲೂ ಅಷ್ಟೆ. ನಾನು, ನಿನಗೆಂಥ ಕಾಯಿಲೆ, ಗುಂಡುಕಲ್ಲಿನ ಹಾಗಿದೀಯ, ಜನಕ್ಕೆ ಈಗ ನಿನ್ನ ಬೆಲೆ ಗೊತ್ತಾಗಿದೆ ಅಷ್ಟೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವಳು ನಂಬಿದ್ದಾಳೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ದೇಶಕ್ಕೆ ಬಂದಿಳಿದ ನನ್ನನ್ನು ಮದುವೆಯಾಗುವವರೆಗೂ ಮನೆಯಲ್ಲಿಟ್ಟುಕೊಂಡು ಸಾಕಿದವಳು. ನನಗೆ ಸುಳ್ಳು ಹೇಳುವ ಅಗತ್ಯವೇ ಬರದ ಹಾಗೆ ನೋಡಿಕೊಂಡವಳು.

ಫೆಬ್ರವರಿ ೮, ಶನಿವಾರ

ನನಗೆ ಹೇಳದೆ ಡಾಕ್ಟರ ಹತ್ತಿರ ಹೋಗಿದ್ದಾಳೆ. ಡಾಕ್ಟರು ನಮ್ಮವರೇ, ಮೂರನೇ ಸಾಲಿನಲ್ಲಿ ಅವರ ಸೀಟು. ರಕ್ತ ತೆಗೆದು, ಎದೆ ನೋಡಿ, ಎಲ್ಲ ಸರಿಯಿದೆ, ಆದ್ರೂ ಈ ವಯಸ್ಸಲ್ಲಿ ವಿಶ್ರಾಂತಿ ಒಳ್ಳೇ ನಿರ್ಧಾರ ಎಂದು ಬೆನ್ನು ತಟ್ಟಿ ಕಳಿಸಿದ್ದಾರೆ. ಎಲ್ಲ ಸರಿಯಿದ್ದರೆ ವಿಶ್ರಾಂತಿ ಯಾಕೆ ಎಂಬುದು ಚಿಕ್ಕಮ್ಮನ ಪ್ರಶ್ನೆ. ಅವಳ ಮಟ್ಟಿಗೆ ಅದಕ್ಕೆ ಒಂದೇ ಉತ್ತರ.

ಇದನ್ನು ನನಗೆ ಹೇಳಿದವಳೂ ಅವಳೇ. ಬೀರುವಿನ ಬೀಗದ ಕೈ ಎಲ್ಲಿದೆ ಎಂದು ತೋರಿಸಿದಳು. ಒಳ್ಳೆಯ ಸೀರೆಗಳಲ್ಲಿ ಯಾವುದು ನನಗೆ, ಯಾವುದು ನನ್ನ ತಂಗಿಗೆ ಎಂದು ಹೇಳಿದಳು. ಹಸಿರುದು ನಿನ್ನ ಬಣ್ಣಕ್ಕೆ ಒಪ್ಪಲ್ಲ, ಆದ್ರೂ ನೀನೇ ಇಟ್ಕೋ ಎಂದು ನಕ್ಕಳು. ನಾನು ಹಸಿರು ಸೀರೆಯನ್ನು ಮಡಚಿ ಮತ್ತೆ ಬೀರುವಿನಲ್ಲಿಟ್ಟೆ. ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇವರು ಈಗಲೇ ಹೋಗಿ ಹೇಳು ಎಂದರು. ಕಛೇರಿಗೆ ಇನ್ನು ಒಂದೇ ವಾರ, ಈಗ ಹೇಳಿದರೆ ಅವಳು ವೇದಿಕೆಯನ್ನೇ ಹತ್ತುವುದಿಲ್ಲ ಎಂದೆ. "ನಿಂಗೆ ಅವರ ಚಿಂತೆನೋ, ಹಾಲ್ ಚಿಂತೆನೋ?" ಎಂದು ಕೇಳಿದರು. ಸಿಟ್ಟು ಬಂತು.

ಫೆಬ್ರವರಿ ೧೧, ಮಂಗಳವಾರ

ನಾಳೆ ಹೇಳುತ್ತೇನೆ.

ಫೆಬ್ರವರಿ ೧೩, ಗುರುವಾರ

ಹೇಳಲಿಲ್ಲ. ಬಾಗಿಲ ತನಕ ಹೋದೆ. ಅವಳು ಪಿಟೀಲಿನವರನ್ನೂ ಮೃದಂಗದವರನ್ನೂ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಪಾಠದ ಮಕ್ಕಳಿಲ್ಲದ ಕೋಣೆಯಲ್ಲಿ ಅವಳ ಕಂಠ ದೊಡ್ಡದಾಗಿ ಕೇಳುತ್ತಿತ್ತು. ನನ್ನನ್ನು ಕಂಡು, ಜನ ಬರ್ತಾರಾ ಎಂದು ಹುಬ್ಬಿನಲ್ಲೇ ಕೇಳಿದಳು. ತುಂಬಿದೆ ಎಂದೆ. ಮುಖ ಅರಳಿತು. ಆ ಮುಖವನ್ನು ಕೆಡಿಸುವ ಶಕ್ತಿ ನನಗಿರಲಿಲ್ಲ ಎಂದು ಬರೆಯಬಹುದು. ಆದರೆ ನಿಜ ಅದಲ್ಲ. ನನಗೆ ಭಯವಾಯಿತು.

ಫೆಬ್ರವರಿ ೧೫, ಶನಿವಾರ

ಬಾಗಿಲ ಹತ್ತಿರ ಜನ ನಿಂತಿದ್ದರು. ಗೋಡೆಗೆ ಆತು ನಿಂತಿದ್ದರು. ಮೆಟ್ಟಿಲ ಮೇಲೂ ಕೂತಿದ್ದರು. ಹಾಲಿನ ಮ್ಯಾನೇಜರು ಇನ್ನು ಒಬ್ಬರನ್ನೂ ಬಿಡಬೇಡಿ ಎಂದು ನನ್ನ ಹಿಂದೆ ಹಿಂದೆ ಸುತ್ತುತ್ತಿದ್ದ. ನನ್ನ ಜೀವಮಾನದಲ್ಲಿ ಇಂಥ ಪ್ರಚಾರ ಮಾಡಿದ್ದಿಲ್ಲ.

ಸನ್ಮಾನ ಕೊನೆಗೆ ಇಟ್ಟುಕೊಳ್ಳಿ ಎಂದು ಅಧ್ಯಕ್ಷರನ್ನು ಬೇಡಿಕೊಂಡಿದ್ದೆ. ಹಾಡು ಮುಗಿದ ಕೂಡಲೇ ಅವಳನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿ, ಆಮೇಲೆ ವೇದಿಕೆಗೆ ಕರೆತರುವುದು ನನ್ನ ಯೋಜನೆ. ಜನ ಇಷ್ಟು ಸೇರಿದ್ದನ್ನು ಕಂಡು ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಚಿಕ್ಕಮ್ಮ ಬಂದು ಕೂತು ಶ್ರುತಿ ಹಿಡಿಯುವಷ್ಟರಲ್ಲಿ ಮೈಕು ಹಿಡಿದು ನಿಂತರು. ಮೂವತ್ತು ವರ್ಷ ಪರನೆಲದಲ್ಲಿ ನಮ್ಮ ಸಂಗೀತವನ್ನು ಉಳಿಸಿದ ಈ ತಾಯಿ ಇಂದು ತಮ್ಮ ಕೊನೆಯ ಕಛೇರಿ ಹಾಡಿ ನಿವೃತ್ತರಾಗುತ್ತಿದ್ದಾರೆ ಎಂದರು. ಫಲಕ ಬಂತು. ಅದರಲ್ಲೂ ಅದೇ ಮಾತು ಕೊರೆದಿತ್ತು. ಎಲ್ಲರೂ ಎದ್ದು ನಿಂತರು. ಚಪ್ಪಾಳೆ ನಿಲ್ಲಲೇ ಇಲ್ಲ.

ಚಿಕ್ಕಮ್ಮ ಫಲಕವನ್ನು ಓದಿದಳು. ಎರಡು ಸಲ ಓದಿದಳು ಅಂತ ಕಾಣುತ್ತದೆ. ಆಮೇಲೆ ತಲೆಯೆತ್ತಿ, ಅಷ್ಟು ಜನರ ತಲೆಗಳ ಮೇಲಿಂದ, ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಹುಡುಕಿದಳು. ನಾನು ಕಣ್ಣು ತಗ್ಗಿಸಿದೆ. ಅದೇ ಉತ್ತರವಾಯಿತು.

ಮೈಕನ್ನು ಹತ್ತಿರ ಎಳೆದುಕೊಂಡಳು.

"ನಂಗೂ ಈಗ್ಲೇ ಗೊತ್ತಾಗಿದ್ದು," ಎಂದಳು.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಎಂಥ ಹಾಸ್ಯಪ್ರಜ್ಞೆ ಎಂದು ನನ್ನ ಪಕ್ಕದವರು ಹೇಳಿದರು. ಅವಳೂ ನಕ್ಕಳು, ಕೈ ಮುಗಿದಳು, ನೀವೆಲ್ಲ ಇಷ್ಟು ದೂರ ಬಂದಿದ್ದೀರಿ, ಚೆನ್ನಾಗಿ ಹಾಡ್ತೀನಿ ಎಂದಳು.

ಹಾಡಿದಳು. ಹೇಗೆ ಹಾಡಿದಳು ಎಂದು ಬರೆಯಲು ನನಗೆ ಬರುವುದಿಲ್ಲ. ಎಷ್ಟೋ ವರ್ಷದಿಂದ ಅವಳ ಕಛೇರಿಗಳಲ್ಲಿ ನಾನು ಬಾಗಿಲು ಕಾಯುತ್ತಾ, ಬಂದವರ ತಲೆ ಎಣಿಸುತ್ತಾ ಇದ್ದವಳು. ಇವತ್ತು ಮೊದಲಿಂದ ಕೊನೆಯವರೆಗೆ ಕೇಳಿದೆ. ಮಧ್ಯೆ ಒಂದು ಕಡೆ ಅವಳ ಕಂಠ ಒಡೆಯಿತು. ಅದೇ ಜಾಗಕ್ಕೆ ಹಿಂತಿರುಗಿ ಬಂದು ಮತ್ತೆ ಹಾಡಿ ಸರಿ ಮಾಡಿಕೊಂಡು ಮುಂದೆ ಹೋದಳು. ರೈಲಿನಲ್ಲಿ ಬಂದ ಹುಡುಗಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ವೇದಿಕೆಯ ಬುಡದಲ್ಲೇ ಕೂತು ಅಳುತ್ತಿದ್ದಳು.

ಕಾರಿನಲ್ಲಿ ಫಲಕ ಅವಳ ತೊಡೆಯ ಮೇಲಿತ್ತು. ನಾನು ತಪ್ಪಾಯಿತು ಎಂದೆ. ಮತ್ತೆ ಮತ್ತೆ ಅದನ್ನೇ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳ ಬೀದಿ ಬಂದ ಮೇಲೆ ಬಾಯಿ ಬಿಟ್ಟಳು.

"ನಾನು ಸಾಯ್ತಿದೀನಿ ಅಂದ್ಕೊಂಡಿದ್ದೆ ಕಣೇ. ಬರೀ ಹಾಡು ನಿಲ್ಲಿಸ್ಬೇಕು, ಅಷ್ಟೇನಾ?"

ಫೆಬ್ರವರಿ ೧೬, ಭಾನುವಾರ

ಬೆಳಗ್ಗೆಯಿಂದ ಅಭಿನಂದನೆಯ ಫೋನುಗಳು. ಒಂದನ್ನೂ ಎತ್ತಲಿಲ್ಲ.

ಫೆಬ್ರವರಿ ೨೦, ಗುರುವಾರ

ಅಧ್ಯಕ್ಷರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ವಿದಾಯ ಎಂಬುದು ನನ್ನ ತಲೆಯಿಂದ ಬಂದದ್ದು, ಚಿಕ್ಕಮ್ಮನಿಗೆ ಗೊತ್ತೇ ಇರಲಿಲ್ಲ, ಅವಳಿಗೆ ಇನ್ನೂ ಹಾಡುವ ಆಸೆಯಿದೆ. ಅವರು ಕೋಪಿಸಿಕೊಳ್ಳುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ಪ್ರಚಾರ ಅಂದ ಮೇಲೆ ಸ್ವಲ್ಪ ಉಪ್ಪು ಖಾರ ಬೇಕೇ ಬೇಕು, ನಿಮ್ಮಂಥ ಬುದ್ಧಿವಂತರು ಸಂಘಕ್ಕೆ ಇರಬೇಕು ಎಂದರು.

ಮುಂದಿನ ಫೆಬ್ರವರಿ ಎಂದೆ. ಅದು ಆಗಲೇ ನಗೆಮಾತಿನವರಿಗೆ ಹೋಗಿದೆಯಂತೆ. ಅಮ್ಮನವರು ನಿವೃತ್ತರಾದ ಮೇಲೆ ದಿನ ಖಾಲಿ ಆಯ್ತಲ್ಲ, ಸೋಮವಾರವೇ ಒಪ್ಪಿಗೆ ಕೊಟ್ಟೆವು ಎಂದರು. ಹೊರಡುವಾಗ ಆ ಕಾರ್ಯಕ್ರಮದ ಪ್ರಚಾರವನ್ನೂ ನಾನೇ ಮಾಡಿಕೊಡಬೇಕೆಂದು ಕೇಳಿದರು.

ಯಾವ ದಿನವನ್ನು ಉಳಿಸಲು ಹೋದೆನೋ ಅದನ್ನು ನಾನೇ ಕೈಯಾರೆ ಕೊಟ್ಟುಬಂದೆ. ದಾರಿಯುದ್ದಕ್ಕೂ ಅಂಗಡಿಗಳ ಗಾಜಿನಲ್ಲಿ ಪೋಸ್ಟರ್ ಇನ್ನೂ ಇತ್ತು. ಕೈಗೆ ಸಿಕ್ಕಷ್ಟನ್ನು ಕಿತ್ತೆ. ಒಬ್ಬ ಅಂಗಡಿಯವನು ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದು ಕೊಡಲಿಲ್ಲ.

ಮಾರ್ಚ್ ೨, ಭಾನುವಾರ

ನಾನು ಹೇಳಿದ್ದು ಸುಳ್ಳು, ಅವರು ನಿವೃತ್ತರಾಗಿಲ್ಲ ಎಂದು ವಾರಪತ್ರಿಕೆಗೆ ನಾಲ್ಕು ಸಾಲು ಬರೆದೆ. ಅದರಲ್ಲಿ ನನ್ನ ಹೆಸರೂ ಇತ್ತು. ಈ ಸಲ ಕೇಳಿಯೇ ಮುಂದುವರಿಯಬೇಕೆಂದು ಚಿಕ್ಕಮ್ಮನ ಹತ್ತಿರ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಎಷ್ಟೋ ವರ್ಷದ ಮೇಲೆ ನಾನು ಬರೆದದ್ದನ್ನು ಓದಿದ್ದು.

ಚೆನ್ನಾಗಿ ಬರೆದಿದೀಯ, ಕಳಿಸ್ಬೇಡ ಎಂದಳು. ನನ್ನ ಮರ್ಯಾದೆ ಉಳಿಸುವುದಕ್ಕೆ ಹೀಗೆ ಮಾಡಬೇಡ, ನಿನ್ನ ಕಾಲು ಹಿಡಿಯುತ್ತೇನೆ ಎಂದೆ.

"ನಿನ್ನ ಮರ್ಯಾದೆ ಹಾಳಾಗ್ಲಿ. ಆ ಹುಡುಗಿ ಮಗು ಕಟ್ಕೊಂಡು ಬಂದು ನನ್ನ ಕಾಲ ಹತ್ರ ಕೂತು ಅತ್ತಳು. ಅವಳಿಗೆ ಏನಂತ ಹೇಳ್ಲಿ? ನೀ ಸುಮ್ನೆ ಅತ್ತೆ ಕಣಮ್ಮ, ಮುಂದಿನ ವರ್ಷ ಮತ್ತೆ ಬಾ ಅಂತಾನಾ?"

ಮತ್ತೆ ಒಂದು ಕಛೇರಿ ಎಂದರೆ, ಬಂದವರೆಲ್ಲರಿಗೂ ಅವಳೇ ಮೋಸ ಮಾಡಿದ ಹಾಗಂತೆ. ನಾನು ಬರೆದ ಸುಳ್ಳು ಈಗ ಅವಳು ಉಳಿಸಿಕೊಳ್ಳಬೇಕಾದ ಮಾತಾಗಿದೆ. ವಾದಿಸಿದೆ, ಅತ್ತೆ. ಅವಳು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು, ನಾನು ಹೇಳದೆ ಕುಡಿದೆ.

ಮಾರ್ಚ್ ೧೪, ಶುಕ್ರವಾರ

ಮಕ್ಕಳನ್ನು ಮತ್ತೆ ಪಾಠಕ್ಕೆ ಕಳಿಸಿ ಎಂದು ಒಬ್ಬೊಬ್ಬ ತಾಯಿಯ ಮನೆಗೂ ಹೋಗಿ ಕೇಳುತ್ತಿದ್ದೇನೆ. ಪಾಪ, ಅವರಿಗೆ ತೊಂದರೆ ಕೊಡಲ್ಲ ಎನ್ನುತ್ತಾರೆ. ಬೇರೆ ಕಡೆ ಸೇರಿಸಿಯೂ ಆಗಿದೆ.

ಅಲ್ಲಿಂದ ಚಿಕ್ಕಮ್ಮನ ಮನೆಗೆ ಹೋದೆ. ಬಾಗಿಲ ಹಿಂದೆ ಹಾಡು ಕೇಳಿಸಿತು. ಕರೆಗಂಟೆ ಒತ್ತಿದೆ. ಹಾಡು ನಿಂತಿತು. ಬಾಗಿಲು ತೆರೆದವಳ ಕೆನ್ನೆ ಕೆಂಪಾಗಿತ್ತು, ಕದ್ದು ತಿಂದ ಮಗುವಿನ ಹಾಗೆ. ಹಾಡು ಕೇಳಿಸ್ತಲ್ಲ ಎಂದು ನಾನು ಅಂದರೆ, ಪಕ್ಕದ ಮನೆಯವರದಿರಬೇಕು ಎಂದಳು. ಒಳಗೆ ಶ್ರುತಿಪೆಟ್ಟಿಗೆ ಇನ್ನೂ ನುಡಿಯುತ್ತಿತ್ತು. ಇಬ್ಬರೂ ಅದು ಕೇಳಿಸದವರ ಹಾಗೆ ಕೂತು ನನ್ನ ತಂಗಿಯ ವಿಷಯ ಮಾತಾಡಿದೆವು.

ಅವಳ ಮನೆಯಲ್ಲಿ ಅವಳು ನನಗೆ ಹೆದರಿ ಹಾಡು ನಿಲ್ಲಿಸಿದಳು. ಇದಕ್ಕಿಂತ ಇನ್ನೇನು ಬೇಕು ನನಗೆ.

ಮಾರ್ಚ್ ೨೫, ಮಂಗಳವಾರ

ನಗೆಮಾತಿನವರ ಕೆಲಸ ಬೇಡವೆಂದೆ. ಬೊಂಬೆಯಾಟದವರು ಬಂದಿದ್ದರು, ಅವರ ಪೋಸ್ಟರಿಗೆ ದಿನ, ಜಾಗ, ಆಡುವವರ ಹೆಸರು ಬರೆದುಕೊಟ್ಟೆ. ಇನ್ನೇನೂ ಬರೆದಿಲ್ಲವಲ್ಲ ಎಂದರು. ಇನ್ನೇನು ಬರೆಯಬೇಕು ಎಂದು ನಿಜವಾಗಿಯೂ ತೋಚಲಿಲ್ಲ. ಕೈ ಮೊದಲಿನಂತೆ ಓಡುತ್ತಿಲ್ಲ, ವಯಸ್ಸಾಯಿತೋ ಏನೋ.

ಏಪ್ರಿಲ್ ೫, ಶನಿವಾರ

ಚಿಕ್ಕಮ್ಮನಿಗೆ ತರಕಾರಿ ತೆಗೆದುಕೊಂಡು ಹೋಗಿದ್ದೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಹಾಡು ಶುರುವಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಚೀಲ ಇಟ್ಟು ಕೂತೆ. ನಾಲ್ಕು ಗೋಡೆ, ಮುಚ್ಚಿದ ಬಾಗಿಲು, ಎದುರಿಗೆ ಒಬ್ಬ ಮನುಷ್ಯನಿಲ್ಲ. ಆದರೂ ಸಭೆಗೆ ಹಾಡುವ ಹಾಗೇ ಹಾಡುತ್ತಿದ್ದಳು, ಎಲ್ಲೂ ಅವಸರವಿಲ್ಲ, ಏನನ್ನೂ ಬಿಡುತ್ತಿರಲಿಲ್ಲ.

ಕೆಳಗಿನ ಮನೆಯ ಮುದುಕ ಮೇಲೆ ಬಂದ. ಈ ದೇಶದವನೇ, ನಮ್ಮ ಮಾತು ಬಾರದವನು. ನನ್ನನ್ನು ಕಂಡು ನಿಂತು, ಹುಷಾರಿದ್ದೀರಾ ಎಂದು ಅವನ ಭಾಷೆಯಲ್ಲಿ ಕೇಳಿದ. ಹಾಡು ಕೇಳ್ತಿದೀನಿ ಎಂದೆ. ತಾನೂ ದಿನಾ ಇದೇ ಹೊತ್ತಿಗೆ ಅದಕ್ಕೇ ಹತ್ತಿ ಬರುತ್ತೇನೆ ಎಂದ. ಈ ಅಮ್ಮ ಎಲ್ಲಾದರೂ ಸಭೆಯಲ್ಲಿ ಹಾಡುತ್ತಾರಾ, ಹಾಗಿದ್ದರೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತೇನೆ, ಎಲ್ಲಿ ಯಾವಾಗ ಎಂದು ಗೊತ್ತಾದರೆ ಹೇಳಿ ಎಂದ.

ಇಷ್ಟು ವರ್ಷದಲ್ಲಿ ಕರೆಯದೆ ತಾನಾಗಿ ಬಂದು ಕೇಳಿದವನು ಇವನೊಬ್ಬನೇ.

ಅವರು ನಿಲ್ಲಿಸಿಬಿಟ್ಟಿದ್ದಾರೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ತಲೆಯೆತ್ತಿ ಮೇಲಿನ ಬಾಗಿಲು ನೋಡಿದ, ನನ್ನನ್ನು ನೋಡಿದ. ಅವರು ಹಾಡೋದು ಅವರಿಗೊಬ್ಬರಿಗೇ, ನಾವು ಕೇಳ್ತೀವಿ ಅಂತ ಗೊತ್ತಾದ್ರೆ ಇದೂ ನಿಂತುಹೋಗುತ್ತೆ, ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. ಅವನು ಆಯಿತೆಂದು ತಲೆಯಾಡಿಸಿದ. ನಾನು ತರಕಾರಿ ಚೀಲವನ್ನು ಪಕ್ಕಕ್ಕೆ ಸರಿಸಿದೆ, ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡು ಸದ್ದಿಲ್ಲದೆ ಕೂತ.